ಆಬ್ಜೆಕ್ಟ್ ಎಲ್ಲಿ ಹಳಿ ತಪ್ಪಿತು? ಜಾವಾ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ವೈವಾದಲ್ಲಿ ಎನ್‌ಕ್ಯಾಪ್ಸುಲೇಶನ್ (ಆಬ್ಜೆಕ್ಟಿನ ಒಳಗಿನದನ್ನು ಹೊರಗಿನವರು ನೇರವಾಗಿ ಮುಟ್ಟದಂತೆ ಕಾಯುವುದು) ಅಂದರೇನು ಎಂದು ಕೇಳಿದರೆ ಗಡಗಡ ಹೇಳುವ ವಿದ್ಯಾರ್ಥಿಗಳಿದ್ದಾರೆ. ಅವರದೇ ಪ್ರೋಗ್ರಾಂ ಎಲ್ಲರ ಹೆಸರಿನ ಜಾಗದಲ್ಲೂ ‘ನಲ್’ (ಏನೂ ಇಲ್ಲ) ಎಂದು ತೋರಿಸಿದಾಗ ಮಾತ್ರ ಕೈಚೆಲ್ಲಿ ಕೂರುತ್ತಾರೆ. ವ್ಯಾಖ್ಯೆ ಬಾಯಿಗೆ ಬಂದಿರುತ್ತದೆ, ಮೆಮೊರಿಯಲ್ಲಿ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಟ್ಟಿರುವುದಿಲ್ಲ. ಹೊಸಬರ ದೋಷಗಳಲ್ಲಿ ಬಹುಪಾಲು ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಈಗ ನಿಜವಾಗಿ ಎಷ್ಟು ಆಬ್ಜೆಕ್ಟ್ ಇವೆ? ಯಾವ ಹೆಸರು ಯಾವ ಆಬ್ಜೆಕ್ಟನ್ನು ಹಿಡಿದುಕೊಂಡಿದೆ?

ಉದಾಹರಣೆಗೆ ಊರಿನ ಹಾಲಿನ ಡೇರಿಯ ಲೆಕ್ಕ ಬರೆಯುವ ಒಂದು ಪುಟ್ಟ ಪ್ರೋಗ್ರಾಂ ಇಟ್ಟುಕೊಳ್ಳೋಣ. ‘ಸದಸ್ಯ’ ಎಂಬ ಕ್ಲಾಸ್, ಅಂದರೆ ಒಬ್ಬೊಬ್ಬ ಸದಸ್ಯರ ಆಬ್ಜೆಕ್ಟ್ ಮಾಡಲು ಬೇಕಾದ ಅಚ್ಚು. ಅದರಲ್ಲಿ ಹೆಸರು, ಸಂಖ್ಯೆ, ಬಾಕಿ ಎಂಬ ಫೀಲ್ಡ್‌ಗಳು. ಹಾಲುಹಾಕು(), ಬಟವಾಡೆ() ಎಂಬ ಮೆಥಡ್‌ಗಳು. ಇಲ್ಲಿ ಕೋಡ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಜಾವಾದ ಕೀವರ್ಡ್‌ಗಳು ಇಂಗ್ಲಿಷಿನಲ್ಲೇ ಇರಬೇಕು. ಕ್ಲಾಸ್, ಫೀಲ್ಡ್‌ಗಳ ಹೆಸರನ್ನು ಕನ್ನಡದಲ್ಲಿ ಇಡಬಹುದು, ಜಾವಾ ಅದನ್ನು ಒಪ್ಪುತ್ತದೆ. ಆದರೆ ಜಾವಾ 18ಕ್ಕಿಂತ ಹಳೆಯದು ವಿಂಡೋಸ್‌ನಲ್ಲಿದ್ದರೆ ಕಂಪೈಲ್ ಮಾಡುವಾಗ ‘-ಎನ್‌ಕೋಡಿಂಗ್ ಯುಟಿಎಫ್-8’ ಎಂಬ ಆಯ್ಕೆ ಸೇರಿಸಿ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಅಕ್ಷರಗಳೆಲ್ಲ ಕಲಸಿಹೋಗಿ ಇಲ್ಲದ ಎರರ್ ಬರುತ್ತವೆ.

ಒಂದು ಚಿತ್ರ ಮನಸ್ಸಿನಲ್ಲಿರಲಿ: ವೇರಿಯಬಲ್ಲಿನ ಹೆಸರು ಹಗ್ಗ, ಆಬ್ಜೆಕ್ಟ್ ಹಸು. ‘ಸದಸ್ಯ ಸ;’ ಎಂದು ಬರೆದರೆ ಸಿಗುವುದು ಬರೀ ಹಗ್ಗ. ‘ನ್ಯೂ’ ಎಂದಾಗಲೇ ಹಸು ಕೊಟ್ಟಿಗೆಗೆ ಬರುವುದು. ಒಂದೇ ಹಸುವಿಗೆ ಎರಡು ಹಗ್ಗ ಇರಬಹುದು. ಹಗ್ಗ ಇದ್ದು ಹಸುವೇ ಇಲ್ಲದಿರಬಹುದು. ಮುಂದಿನ ಅರ್ಧಕ್ಕರ್ಧ ದೋಷಗಳು ಈ ಲೆಕ್ಕ ತಪ್ಪಿದ್ದರಿಂದ ಹುಟ್ಟಿದವು.

ಏನನ್ನೂ ಮುಟ್ಟುವ ಮೊದಲು

ಇಡೀ ಫೋಲ್ಡರನ್ನು ಕಾಪಿ ಮಾಡಿ ಬೇರೆ ಹೆಸರಲ್ಲಿ ಇಡಿ. ಗಿಟ್ ಗೊತ್ತಿದ್ದರೆ ಒಂದು ಕಮಿಟ್ ಹಾಕಿ. ದೋಷ ಹುಡುಕುವ ಆತುರದಲ್ಲಿ ಸರಿಯಿದ್ದ ಸಾಲುಗಳನ್ನೂ ಕೆಡಿಸಿ, ಕೊನೆಗೆ ಮೊದಲು ಹೇಗಿತ್ತು ಎಂಬುದೇ ಮರೆತುಹೋಗುವುದು ಮೂಲ ದೋಷಕ್ಕಿಂತ ದೊಡ್ಡ ತಲೆನೋವು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಸೇವ್ ಮಾಡಿ, ಕಂಪೈಲ್ ಮಾಡಿ, ರನ್ ಮಾಡಿ, ಆಮೇಲೆ ಮುಂದಿನದು.

ಪ್ರೋಗ್ರಾಂ ನಿಜವಾದ ಡೇಟಾಬೇಸಿಗೆ ಬರೆಯುತ್ತಿದ್ದರೆ ಆ ಸಂಪರ್ಕವನ್ನು ಮೊದಲು ಕಡಿಯಿರಿ. ಪರೀಕ್ಷೆಗೆ ಸುಳ್ಳು ಹೆಸರಿನ ನಾಲ್ಕು ಸದಸ್ಯರು ಸಾಕು.

ಲಕ್ಷಣ: ಕೋಡ್ ಬದಲಿಸಿದರೂ ಔಟ್‌ಪುಟ್ ಬದಲಾಗುತ್ತಿಲ್ಲ

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು. ಮೇನ್ ಮೆಥಡ್‌ನ ಮೊದಲ ಸಾಲಿನಲ್ಲಿ ಏನಾದರೂ ಹೊಸ ಮಾತು ಪ್ರಿಂಟ್ ಮಾಡಿಸಿ. ಅದು ಕಾಣದಿದ್ದರೆ ನೀವು ತಿದ್ದುತ್ತಿರುವ ಫೈಲ್ ಒಂದು, ಓಡುತ್ತಿರುವುದು ಇನ್ನೊಂದು. ಸೇವ್ ಆಗಿಲ್ಲ, ಅಥವಾ ಬೇರೆ ಫೋಲ್ಡರಿನಲ್ಲಿದ್ದೀರಿ, ಅಥವಾ ಕಂಪೈಲ್ ಸೋತು ಹಳೆಯ ‘.ಕ್ಲಾಸ್’ ಫೈಲೇ ಓಡುತ್ತಿದೆ. ‘.ಕ್ಲಾಸ್’ ಫೈಲುಗಳನ್ನು ಅಳಿಸಿ ಮತ್ತೆ ಕಂಪೈಲ್ ಮಾಡಿ. ಅಳಿಸುವಾಗ ಕಣ್ಣು ನೆಟ್ಟಗಿರಲಿ: ‘.ಜಾವಾ’ ಫೈಲ್ ಅಳಿಸಿದರೆ ನಿಮ್ಮ ದುಡಿಮೆಯೇ ಹೋಯಿತು.

ಲಕ್ಷಣ: ಕಂಪೈಲರ್ ಕೆಂಪು ಸಾಲುಗಳ ಸುರಿಮಳೆ ಸುರಿಸುತ್ತಿದೆ

ಮೊದಲ ಎರರ್ ಮಾತ್ರ ಓದಿ. ಒಂದು ಕರ್ಲಿ ಬ್ರಾಕೆಟ್ ಬಿಟ್ಟುಹೋದರೆ ಅದರ ಕೆಳಗಿನದೆಲ್ಲ ಕಂಪೈಲರಿಗೆ ಅಪಾರ್ಥವಾಗುತ್ತದೆ. ಮೊದಲನೆಯದನ್ನು ಸರಿಮಾಡಿ ಮತ್ತೆ ಕಂಪೈಲ್ ಮಾಡಿದರೆ ಉಳಿದವು ಹೇಳದೆ ಕೇಳದೆ ಮಾಯವಾಗುವುದುಂಟು.

ಆಬ್ಜೆಕ್ಟ್ ವಿಷಯಕ್ಕೇ ಸೇರಿದ ಎರರ್‌ಗಳು ಕೆಲವೇ ಕೆಲವು. ‘ಈ ಪಬ್ಲಿಕ್ ಕ್ಲಾಸ್ ಇಂಥ ಹೆಸರಿನ ಫೈಲಿನಲ್ಲಿರಬೇಕು’ ಎಂದರೆ ಫೈಲಿನ ಹೆಸರೂ ಕ್ಲಾಸಿನ ಹೆಸರೂ ಬೇರೆಯಾಗಿವೆ ಎಂದರ್ಥ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ‘ಪ್ರೈವೇಟ್ ಆಕ್ಸೆಸ್’ ಎಂದರೆ ಹೊರಗಿನವರು ಮುಟ್ಟಬಾರದ ಫೀಲ್ಡನ್ನು ನೀವು ನೇರವಾಗಿ ಮುಟ್ಟಿದ್ದೀರಿ. ಇದಕ್ಕೆ ಮದ್ದು ಅಂತ ಎಲ್ಲವನ್ನೂ ಪಬ್ಲಿಕ್ ಮಾಡಿಬಿಡಬೇಡಿ. ಎರರ್ ಹೋಗುತ್ತದೆ, ಆದರೆ ಕೆಳಗೆ ಬರುವ ‘ಬಾಕಿ ತಾನಾಗಿ ಬದಲಾಗುತ್ತಿದೆ’ ಎಂಬ ಕಾಯಿಲೆಗೆ ನೀವೇ ಬಾಗಿಲು ತೆರೆದಂತೆ.

‘ಕನ್‌ಸ್ಟ್ರಕ್ಟರ್ ಕ್ಯಾನಾಟ್ ಬಿ ಅಪ್ಲೈಡ್’ ಎಂಬುದು ಸ್ವಲ್ಪ ತಿಳಿದುಕೊಳ್ಳಬೇಕಾದದ್ದು. ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡೇ ಕನ್‌ಸ್ಟ್ರಕ್ಟರ್. ಕ್ಲಾಸಿಗೆ ನೀವು ಯಾವ ಕನ್‌ಸ್ಟ್ರಕ್ಟರನ್ನೂ ಬರೆಯದಿದ್ದರೆ ಜಾವಾ ತಾನೇ ಒಂದು ಖಾಲಿ ಕನ್‌ಸ್ಟ್ರಕ್ಟರ್ ಕೊಡುತ್ತದೆ. ಹೆಸರು, ಬಾಕಿ ತೆಗೆದುಕೊಳ್ಳುವ ಒಂದನ್ನು ನೀವು ಬರೆದ ಕೂಡಲೇ ಆ ಪುಕ್ಕಟೆ ಕೊಡುಗೆ ನಿಂತುಹೋಗುತ್ತದೆ. ಆಮೇಲೆ ‘ನ್ಯೂ ಸದಸ್ಯ()’ ಎಂದರೆ ಎರರ್. ‘ಸದಸ್ಯ’ವನ್ನು ಎಕ್ಸ್‌ಟೆಂಡ್ ಮಾಡಿದ ಮರಿ ಕ್ಲಾಸಿನಲ್ಲೂ ಇದೇ ಎರರ್ ಬರುತ್ತದೆ. ಯಾಕೆಂದರೆ ಮರಿ ಕ್ಲಾಸಿನ ಕನ್‌ಸ್ಟ್ರಕ್ಟರ್ ಶುರುವಾಗುವ ಮೊದಲು ತಾಯಿ ಕ್ಲಾಸಿನ ಖಾಲಿ ಕನ್‌ಸ್ಟ್ರಕ್ಟರನ್ನು ಜಾವಾ ಗುಟ್ಟಾಗಿ ಕರೆಯುತ್ತದೆ, ಅದು ಅಲ್ಲಿ ಇಲ್ಲ. ಮರಿ ಕನ್‌ಸ್ಟ್ರಕ್ಟರಿನ ಮೊದಲ ಸಾಲಿನಲ್ಲಿ ‘ಸೂಪರ್(ಹೆಸರು, ಬಾಕಿ);’ ಎಂದು ನೀವೇ ಬರೆದರೆ ಆಯಿತು.

ಇನ್ನು ‘ನಾನ್-ಸ್ಟಾಟಿಕ್ … ಸ್ಟಾಟಿಕ್ ಕಾಂಟೆಕ್ಸ್ಟ್’ ಎಂಬ ಎರರ್. ಮೇನ್ ಸ್ಟಾಟಿಕ್ ಮೆಥಡ್, ಅದಕ್ಕೆ ತನ್ನದೆಂಬ ಆಬ್ಜೆಕ್ಟ್ ಇಲ್ಲ. ಅಲ್ಲಿಂದ ಸುಮ್ನೆ ‘ಬಟವಾಡೆ();’ ಎಂದು ಕರೆದರೆ ಯಾರ ಬಟವಾಡೆ ಎಂದು ಜಾವಾ ಕೇಳುತ್ತಿದೆ, ನ್ಯಾಯವಾದ ಪ್ರಶ್ನೆಯೇ ಅಲ್ವಾ? ಸರಿಯಾದ ಉತ್ತರ ‘ರಂಗಮ್ಮ.ಬಟವಾಡೆ();’. ಆದರೆ ಎಡಿಟರಿನ ಮೂಲೆಯಲ್ಲಿ ಬಲ್ಬ್ ಹೊತ್ತಿಕೊಂಡು ‘ಇದನ್ನು ಸ್ಟಾಟಿಕ್ ಮಾಡಲೇ?’ ಎಂದು ಕೇಳುತ್ತದೆ. ಅದನ್ನು ಒತ್ತಬೇಡಿ. ಒತ್ತಿದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಲಕ್ಷಣ: ಹೆಸರಿನ ಬದಲು ‘ಸದಸ್ಯ@’ ಎಂದು ಬಂದು ಆಮೇಲೆ ಅಂಕಿ-ಅಕ್ಷರಗಳ ಕಲಸುಮೇಲೋಗರ

ಇದು ದೋಷವೇ ಅಲ್ಲ. ಆಬ್ಜೆಕ್ಟನ್ನು ಪ್ರಿಂಟ್ ಮಾಡು ಎಂದಿರಿ, ಅದನ್ನು ಹೇಗೆ ತೋರಿಸಬೇಕು ಎಂದು ಹೇಳಲಿಲ್ಲ. ಜಾವಾ ಕ್ಲಾಸಿನ ಹೆಸರೂ ಒಂದು ಹ್ಯಾಶ್ ಸಂಖ್ಯೆಯೂ ಸೇರಿಸಿ ಕೊಟ್ಟಿತು. ಕ್ಲಾಸಿನೊಳಗೆ ‘ಟುಸ್ಟ್ರಿಂಗ್’ ಮೆಥಡ್ ಬರೆದು ಹೆಸರು, ಬಾಕಿ ಸೇರಿಸಿದ ಸ್ಟ್ರಿಂಗ್ ಕೊಡಿ. ಮುಗಿಯಿತು.

ಲಕ್ಷಣ: ಹೆಸರು ಕೊಟ್ಟೇ ಆಬ್ಜೆಕ್ಟ್ ಮಾಡಿದೆ, ಆದರೂ ‘ನಲ್’, ಬಾಕಿ 0.0

ಕನ್‌ಸ್ಟ್ರಕ್ಟರ್ ನೋಡಿ. ಹೀಗಿದೆಯೇ?

ಸದಸ್ಯ(ಸ್ಟ್ರಿಂಗ್ ಹೆಸರು, ಡಬಲ್ ಬಾಕಿ) {
    ಹೆಸರು = ಹೆಸರು;
    ಬಾಕಿ = ಬಾಕಿ;
}

ಇಲ್ಲಿ ಪ್ಯಾರಾಮೀಟರ್ ಹೆಸರೂ ಫೀಲ್ಡ್ ಹೆಸರೂ ಒಂದೇ. ಆಗ ಹತ್ತಿರದವನೇ ಗೆಲ್ಲುತ್ತಾನೆ: ಎಡಕ್ಕಿರುವುದೂ ಬಲಕ್ಕಿರುವುದೂ ಪ್ಯಾರಾಮೀಟರೇ. ತನ್ನನ್ನು ತನಗೇ ಕೊಟ್ಟುಕೊಂಡು ಸುಮ್ಮನಾಗುತ್ತದೆ, ಫೀಲ್ಡ್ ಖಾಲಿಯೇ ಉಳಿಯುತ್ತದೆ. ಮದ್ದು: ‘ಥಿಸ್.ಹೆಸರು = ಹೆಸರು;’. ‘ಥಿಸ್’ ಎಂದರೆ ಈಗ ತಯಾರಾಗುತ್ತಿರುವ ಈ ಆಬ್ಜೆಕ್ಟ್.

ಇದೇ ಕಾರಣವೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಒಳ್ಳೆಯ ಉಪಾಯ ಇದೆ. ಪ್ರತಿ ಪ್ಯಾರಾಮೀಟರಿನ ಟೈಪಿಗಿಂತ ಮೊದಲು ‘ಫೈನಲ್’ ಸೇರಿಸಿ ಕಂಪೈಲ್ ಮಾಡಿ. ‘ಫೈನಲ್ ಪ್ಯಾರಾಮೀಟರಿಗೆ ಬೆಲೆ ಕೊಡುವಂತಿಲ್ಲ’ ಎಂದು ಕಂಪೈಲರ್ ಜಗಳ ತೆಗೆದರೆ ಕಳ್ಳ ಸಿಕ್ಕಿಬಿದ್ದ. ಎಕ್ಲಿಪ್ಸ್, ಇಂಟೆಲಿಜೆ ಎಂಬ ಎಡಿಟರ್‌ಗಳನ್ನು ಬಳಸುವವರಿಗೆ ಇಂಥ ಸಾಲಿನ ಕೆಳಗೆ ಎಚ್ಚರಿಕೆಯ ಗೆರೆಯೇ ಕಾಣುತ್ತದೆ. ಹಳದಿ ಗೆರೆ ಅಂತ ಅಸಡ್ಡೆ ಮಾಡಿರುತ್ತೇವೆ, ಅಷ್ಟೇ.

‘ಥಿಸ್’ ಸರಿಯಾಗಿದ್ದೂ ನಲ್ ಬಂದರೆ ಕನ್‌ಸ್ಟ್ರಕ್ಟರಿನ ಮುಂದೆ ‘ವಾಯ್ಡ್’ ಇದೆಯೇ ನೋಡಿ. ‘ವಾಯ್ಡ್ ಸದಸ್ಯ()’ ಎಂದು ಬರೆದರೆ ಅದು ಕನ್‌ಸ್ಟ್ರಕ್ಟರ್ ಅಲ್ಲ, ಕ್ಲಾಸಿನ ಹೆಸರನ್ನೇ ಇಟ್ಟುಕೊಂಡ ಒಂದು ಮಾಮೂಲಿ ಮೆಥಡ್. ಅದನ್ನು ಯಾರೂ ಕರೆಯುವುದಿಲ್ಲ, ಕಂಪೈಲರ್ ತಡೆಯುವುದೂ ಇಲ್ಲ. ಪ್ಯಾರಾಮೀಟರ್ ಇದ್ದರೆ ‘ಅಪ್ಲೈಡ್’ ಎರರಿನಲ್ಲಿ ‘ಬೇಕಾದದ್ದು: ಏನೂ ಇಲ್ಲ, ಸಿಕ್ಕಿದ್ದು: ಸ್ಟ್ರಿಂಗ್, ಡಬಲ್’ ಎಂಬಂತೆ ಬಂದು ಸುಳಿವು ಸಿಗುತ್ತದೆ. ಪ್ಯಾರಾಮೀಟರ್ ಇಲ್ಲದಿದ್ದರೆ ಯಾವ ಸದ್ದೂ ಇಲ್ಲ, ಬರೀ ಸೊನ್ನೆಗಳು.

ಲಕ್ಷಣ: ‘ನಲ್ ಪಾಯಿಂಟರ್ ಎಕ್ಸೆಪ್ಶನ್’ ಎಂದು ಪ್ರೋಗ್ರಾಂ ನಿಂತುಹೋಯಿತು

ಇದನ್ನು ಕಂಡು ಹೆದರದ ಹೊಸಬರಿಲ್ಲ. ಹಗ್ಗ ಹಿಡಿದು ಎಳೆದಿರಿ, ತುದಿಯಲ್ಲಿ ಹಸು ಇಲ್ಲ, ಅಷ್ಟೇ ವಿಷಯ. ನಲ್ ಎಂಬುದನ್ನು 1965ರಲ್ಲಿ ಅಲ್ಗಾಲ್ ಡಬ್ಲ್ಯೂ ಭಾಷೆಗೆ ಸೇರಿಸಿದ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ಆದ್ದರಿಂದ ನೀವು ಇದರಲ್ಲಿ ಎಡವಿದರೆ ನಾಚಿಕೆಯೇನಿಲ್ಲ.

ಮೊದಲು ಎರರ್ ಓದುವುದನ್ನು ಕಲಿಯಿರಿ. ಮೇಲಿಂದ ಕೆಳಗೆ ಬನ್ನಿ. ನಿಮ್ಮದೇ ಫೈಲಿನ ಹೆಸರು, ಪಕ್ಕದಲ್ಲಿ ಸಾಲಿನ ಸಂಖ್ಯೆ ಮೊದಲು ಎಲ್ಲಿ ಕಾಣುತ್ತದೋ ಅಲ್ಲಿ ನಿಲ್ಲಿ. ಅದಕ್ಕೂ ಮೇಲೆ ಜಾವಾದ ಒಳಗಿನ ಫೈಲುಗಳಿದ್ದರೆ ಅವನ್ನು ಬಿಡಿ, ದೋಷ ಅಲ್ಲಿರುವುದು ತೀರಾ ಕಡಿಮೆ. ಆ ಸಾಲಿನಲ್ಲಿ ಚುಕ್ಕೆಯ ಎಡಗಡೆ ಏನಿದೆಯೋ ಅದೇ ನಲ್. ‘ಸಂಘ.ಕಾರ್ಯದರ್ಶಿ.ಹೆಸರು’ ಎಂದು ಎರಡು ಚುಕ್ಕೆ ಇದ್ದರೆ ಸಂಘ ನಲ್ಲೋ ಕಾರ್ಯದರ್ಶಿ ನಲ್ಲೋ ಎಂಬ ಅನುಮಾನ ಬರುತ್ತದೆ. ಜಾವಾ 15ರಿಂದೀಚೆಗೆ ಯಾವುದು ನಲ್ ಎಂದು ಎರರೇ ಹೇಳುತ್ತದೆ. ಹೆಸರಿನ ಬದಲು ‘ಲೋಕಲ್4’ ಎಂಬಂಥದು ಕಂಡರೆ ಕಂಪೈಲ್ ಮಾಡುವಾಗ ‘-ಜಿ’ ಆಯ್ಕೆ ಸೇರಿಸಿ, ನಿಜವಾದ ಹೆಸರು ಬರುತ್ತದೆ. ಲ್ಯಾಬಿನಲ್ಲಿ ಇನ್ನೂ ಜಾವಾ 8 ಇದ್ದರೆ ಈ ಸೌಕರ್ಯವಿಲ್ಲ. ಆಗ ಉದ್ದ ಸಾಲನ್ನು ಎರಡು ಸಾಲಾಗಿ ಒಡೆದು ಬರೆಯಿರಿ, ಸಾಲಿನ ಸಂಖ್ಯೆಯೇ ಹೇಳಿಬಿಡುತ್ತದೆ.

ಕಾರಣಗಳಲ್ಲಿ ಜಾಸ್ತಿ ಸಿಗುವುದು ಎರಡು. ಮೊದಲನೆಯದು ಅರೇ. ‘ಸದಸ್ಯ[] ಪಟ್ಟಿ = ನ್ಯೂ ಸದಸ್ಯ[5];’ ಎಂದಾಗ ಐದು ಸದಸ್ಯರು ಹುಟ್ಟಿದರು ಎಂದುಕೊಳ್ಳುತ್ತೇವೆ. ಹುಟ್ಟಿದ್ದು ಐದು ಹಗ್ಗ. ಪ್ರತಿಯೊಂದಕ್ಕೂ ‘ಪಟ್ಟಿ[i] = ನ್ಯೂ ಸದಸ್ಯ(…);’ ಎಂದು ಲೂಪಿನಲ್ಲಿ ಕಟ್ಟಬೇಕು. ‘ಇಂಟ್’ ಅರೇಯಲ್ಲಿ ಹೀಗಾಗುವುದಿಲ್ಲ, ಅಲ್ಲಿ ಸೊನ್ನೆಗಳು ತುಂಬಿಕೊಂಡು ಬರುತ್ತವೆ. ಅದಕ್ಕೇ ಈ ಗೊಂದಲ.

ಎರಡನೆಯದು ಬಹಳ ಕುಟಿಲ. ಫೀಲ್ಡಾಗಿ ‘ಸದಸ್ಯ[] ಪಟ್ಟಿ;’ ಇದೆ. ಕನ್‌ಸ್ಟ್ರಕ್ಟರಿನೊಳಗೆ ಮತ್ತೆ ‘ಸದಸ್ಯ[] ಪಟ್ಟಿ = ನ್ಯೂ ಸದಸ್ಯ[50];’ ಎಂದು ಬರೆದಿದ್ದೀರಿ. ಹಿಂದೆ ಟೈಪಿನ ಹೆಸರು ಬಂತೆಂದರೆ ಅದು ಹೊಸ ಲೋಕಲ್ ವೇರಿಯಬಲ್. ಕನ್‌ಸ್ಟ್ರಕ್ಟರ್ ಮುಗಿದ ತಕ್ಷಣ ಅದು ಹೋಯಿತು, ಫೀಲ್ಡ್ ನಲ್ಲಾಗಿಯೇ ಉಳಿಯಿತು. ಕನ್‌ಸ್ಟ್ರಕ್ಟರಿನಲ್ಲಿ ಆ ಟೈಪಿನ ಹೆಸರನ್ನು ಅಳಿಸಿ.

ಎಚ್ಚರಿಕೆ: ಟ್ರೈ-ಕ್ಯಾಚ್ ಹಾಕಿ, ಕ್ಯಾಚ್ ಒಳಗೆ ಏನೂ ಬರೆಯದೆ ಈ ಎಕ್ಸೆಪ್ಶನನ್ನು ನುಂಗಿಸಬೇಡಿ. ಪ್ರೋಗ್ರಾಂ ಆಗ ನಿಲ್ಲುವುದಿಲ್ಲ, ತಪ್ಪು ಲೆಕ್ಕ ಕೊಡುತ್ತಾ ಮುಂದುವರಿಯುತ್ತದೆ. ನಿಂತ ಪ್ರೋಗ್ರಾಂ ವಾಸಿ.

ಲಕ್ಷಣ: ಎಲ್ಲ ಸದಸ್ಯರಿಗೂ ಕೊನೆಯವರ ಹೆಸರೇ ಬರುತ್ತಿದೆ

ರಂಗಮ್ಮ, ಸಿದ್ದಪ್ಪ, ಗೌರಮ್ಮ ಎಂದು ಮೂರು ಹೆಸರು ಹಾಕಿದಿರಿ. ಪಟ್ಟಿ ತೆಗೆದರೆ ಗೌರಮ್ಮ, ಗೌರಮ್ಮ, ಗೌರಮ್ಮ. ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ, ಮದ್ದೂ ಬೇರೆ. ಇಲ್ಲಿ ಪಟ್ಟಿ ಅರೇ ಅಲ್ಲ, ಬೇಕಾದಂತೆ ಬೆಳೆಯುವ ಅರೇಲಿಸ್ಟ್. ಊಹೆ ಮಾಡುವ ಬದಲು ಈ ಒಂದು ಸಾಲು ಪ್ರಿಂಟ್ ಮಾಡಿಸಿ:

ಪಟ್ಟಿ.ಗೆಟ್(0) == ಪಟ್ಟಿ.ಗೆಟ್(1)

‘ಟ್ರೂ’ ಬಂದರೆ ಪಟ್ಟಿಯಲ್ಲಿ ಇರುವುದು ಒಂದೇ ಆಬ್ಜೆಕ್ಟ್, ಮೂರು ಸಲ ಸೇರಿಸಿದ್ದೀರಿ. ‘ನ್ಯೂ ಸದಸ್ಯ()’ ಎಂಬುದು ಲೂಪಿನ ಹೊರಗಿದೆ, ಲೂಪಿನೊಳಗೆ ಅದೇ ಆಬ್ಜೆಕ್ಟಿನ ಹೆಸರು ಬದಲಿಸಿ ಬದಲಿಸಿ ಪಟ್ಟಿಗೆ ಹಾಕಿದ್ದೀರಿ. ಪಟ್ಟಿ ಕಾಪಿ ಮಾಡಿಕೊಳ್ಳುವುದಿಲ್ಲ, ಹಗ್ಗವನ್ನಷ್ಟೇ ಇಟ್ಟುಕೊಳ್ಳುತ್ತದೆ. ‘ನ್ಯೂ’ ಸಾಲನ್ನು ಲೂಪಿನ ಒಳಗೆ ತನ್ನಿ.

‘ಫಾಲ್ಸ್’ ಬಂದರೆ ಮೂರು ಆಬ್ಜೆಕ್ಟ್‌ಗಳು ನಿಜವಾಗಿಯೂ ಇವೆ, ಆದರೆ ಹೆಸರು ಮಾತ್ರ ಎಲ್ಲರಿಗೂ ಸೇರಿ ಒಂದೇ. ಅಂದರೆ ‘ಹೆಸರು’ ಫೀಲ್ಡಿನ ಹಿಂದೆ ‘ಸ್ಟಾಟಿಕ್’ ಕೂತಿದೆ. ಸ್ಟಾಟಿಕ್ ಫೀಲ್ಡ್ ಆಬ್ಜೆಕ್ಟಿಗೆ ಸೇರಿದ್ದಲ್ಲ, ಇಡೀ ಕ್ಲಾಸಿಗೆ ಒಂದು. ಅದು ಅಲ್ಲಿಗೆ ಬಂದದ್ದು ಹೇಗೆ? ಆಗ ಹೇಳಿದ ಬಲ್ಬಿನ ಕಿತಾಪತಿ. ಮೇನ್‌ನಿಂದ ಮೆಥಡ್ ಕರೆದಾಗ ಎರರ್ ಬಂತು, ಬಲ್ಬ್ ಒತ್ತಿದಿರಿ, ಮೆಥಡ್ ಸ್ಟಾಟಿಕ್ ಆಯಿತು. ಆ ಮೆಥಡ್ ಮುಟ್ಟುವ ಫೀಲ್ಡಿಗೂ ಎರರ್ ಬಂತು, ಅದೂ ಸ್ಟಾಟಿಕ್ ಆಯಿತು. ಎರರ್ ಎಲ್ಲ ಹೋಯಿತು ಎಂದು ಸಮಾಧಾನಪಟ್ಟಿರಿ. ಕಂಪೈಲರ್ ಹಿಡಿಯುತ್ತಿದ್ದ ದೋಷ ಈಗ ಯಾರೂ ಹಿಡಿಯದ ದೋಷವಾಗಿದೆ. ಒಂದೊಂದೇ ‘ಸ್ಟಾಟಿಕ್’ ಅಳಿಸುತ್ತಾ ಬನ್ನಿ. ಕಂಪೈಲರ್ ಕೂಗಿದ ಕಡೆಯಲ್ಲೆಲ್ಲ ಆಬ್ಜೆಕ್ಟಿನ ಹೆಸರು, ಚುಕ್ಕೆ ಸೇರಿಸಿ. ಸ್ಟಾಟಿಕ್ ನಿಜಕ್ಕೂ ಬೇಕಾಗುವುದು ‘ಒಟ್ಟು ಸದಸ್ಯರ ಸಂಖ್ಯೆ’ಯಂಥ, ಎಲ್ಲರಿಗೂ ಸೇರಿ ಒಂದೇ ಇರಬೇಕಾದ ವಿಷಯಕ್ಕೆ.

ಇದರ ತಮ್ಮನಂಥ ಇನ್ನೊಂದು ಲಕ್ಷಣ: ‘ಸದಸ್ಯ ಹಳೆಯದು = ಸ;’ ಎಂದು ಕಾಪಿ ಇಟ್ಟುಕೊಂಡೆ, ಸ ಬದಲಿಸಿದರೆ ಹಳೆಯದೂ ಬದಲಾಯಿತು. ಕಾಪಿ ಆಗಲೇ ಇಲ್ಲ, ಎರಡನೇ ಹಗ್ಗ ಕಟ್ಟಿದಿರಿ. ನಿಜವಾದ ಕಾಪಿ ಬೇಕಾದರೆ ಹೊಸ ಆಬ್ಜೆಕ್ಟ್ ಮಾಡಿ ಒಂದೊಂದೇ ಫೀಲ್ಡ್ ತುಂಬಬೇಕು.

ಲಕ್ಷಣ: ಬಾಕಿ ಇದ್ದಕ್ಕಿದ್ದಂತೆ ಮೈನಸ್ ಆಗಿದೆ, ಯಾರು ಬದಲಿಸಿದರೋ ಗೊತ್ತಿಲ್ಲ

ಎನ್‌ಕ್ಯಾಪ್ಸುಲೇಶನ್ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ವ್ಯಾಖ್ಯೆ ಹೇಳುವುದಿಲ್ಲ, ಈ ದೋಷವನ್ನು ತೋರಿಸುತ್ತೇನೆ. ‘ಬಾಕಿ’ ಫೀಲ್ಡನ್ನು ‘ಪ್ರೈವೇಟ್’ ಮಾಡಿ ಕಂಪೈಲ್ ಒತ್ತಿ. ಬರುವ ಎರರ್‌ಗಳನ್ನು ಬಯ್ಯಬೇಡಿ. ಅದು ನಿಮ್ಮ ಶಂಕಿತರ ಪಟ್ಟಿ. ಬಾಕಿಯನ್ನು ಹೊರಗಿನಿಂದ ಮುಟ್ಟುತ್ತಿರುವ ಪ್ರತಿಯೊಂದು ಸಾಲೂ ಸಂಖ್ಯೆ ಸಮೇತ ಅಲ್ಲಿದೆ. ಡಿಬಗ್ಗರ್ ಬೇಡ, ಪ್ರಿಂಟ್ ಸಾಲುಗಳೂ ಬೇಡ.

ಆಮೇಲೆ ಆ ಸಾಲುಗಳನ್ನೆಲ್ಲ ಹಾಲುಹಾಕು(), ಬಟವಾಡೆ() ಮೂಲಕ ಹೋಗುವಂತೆ ಬದಲಿಸಿ. ಬಟವಾಡೆ() ಒಳಗೆ ‘ಕೊಡುವ ಹಣ ಬಾಕಿಗಿಂತ ಜಾಸ್ತಿಯೇ?’ ಎಂದು ಒಂದೇ ಕಡೆ ಪರೀಕ್ಷೆ ಮಾಡಿದರೆ ಮೈನಸ್ ಆಗುವ ದಾರಿ ಮುಚ್ಚಿತು. ಪ್ರೈವೇಟ್ ಮಾಡಿ ಆಮೇಲೆ ಯಾವ ಪರೀಕ್ಷೆಯೂ ಇಲ್ಲದ ‘ಸೆಟ್‌ಬಾಕಿ’ ಮೆಥಡ್ ಇಟ್ಟರೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ಬಿಟ್ಟಂತೆ. ಎಡಿಟರ್ ಗೆಟ್ಟರ್-ಸೆಟ್ಟರ್‌ಗಳನ್ನು ತಾನೇ ಬರೆದುಕೊಡುತ್ತದೆ ಎಂದು ಎಲ್ಲ ಫೀಲ್ಡಿಗೂ ಬರೆಸಬೇಡಿ.

ಪ್ರೈವೇಟ್ ಮಾಡಿದರೂ ಬದಲಾಗುತ್ತಿದ್ದರೆ ಗೆಟ್ಟರ್ ನೋಡಿ. ಅದು ಒಳಗಿನ ಅರೇಲಿಸ್ಟನ್ನೇ ಹೊರಗೆ ಕೊಡುತ್ತಿದ್ದರೆ ಹೊರಗಿನವರು ಅದಕ್ಕೆ ಸೇರಿಸಬಹುದು, ತೆಗೆಯಬಹುದು. ಪಟ್ಟಿಯ ಕಾಪಿ ಮಾಡಿ ಕೊಡಿ.

ಲಕ್ಷಣ: ಎರಡೂ ಒಂದೇ ಥರ ಇವೆ, ‘ಸಮ ಅಲ್ಲ’ ಎನ್ನುತ್ತದೆ

ಕೀಬೋರ್ಡಿನಿಂದ ‘ರಂಗಮ್ಮ’ ಎಂದು ಟೈಪ್ ಮಾಡಿದಿರಿ, ಪಟ್ಟಿಯಲ್ಲೂ ರಂಗಮ್ಮ ಇದ್ದಾರೆ, ಹುಡುಕಿದರೆ ಸಿಗುವುದಿಲ್ಲ. ‘==’ ಬಳಸಿದ್ದೀರಾ? ಅದು ಕೇಳುವುದು ಎರಡೂ ಒಂದೇ ಆಬ್ಜೆಕ್ಟೇ ಎಂದು, ಎರಡರಲ್ಲೂ ಒಂದೇ ಅಕ್ಷರಗಳಿವೆಯೇ ಎಂದಲ್ಲ. ಅಕ್ಷರ ನೋಡಬೇಕಾದರೆ ‘ಈಕ್ವಲ್ಸ್’ ಮೆಥಡ್ ಕರೆಯಬೇಕು. ಮಜಾ ಏನೆಂದರೆ ಎರಡೂ ಹೆಸರನ್ನು ಕೋಡಿನಲ್ಲೇ ನೇರವಾಗಿ ಬರೆದರೆ ‘==’ ಕೂಡ ಟ್ರೂ ಕೊಡುತ್ತದೆ. ಒಂದೇ ಥರದ ಸ್ಟ್ರಿಂಗ್ ಲಿಟರಲ್‌ಗಳನ್ನು ಜಾವಾ ಹಂಚಿಕೊಂಡು ಬಳಸುತ್ತದೆ. ಹಾಗಾಗಿ ಮನೆಯಲ್ಲಿ ಸರಿಯಿದ್ದದ್ದು ಎಕ್ಸಾಮಿನರ್ ಇನ್‌ಪುಟ್ ಕೊಟ್ಟಾಗ ಕೈಕೊಡುತ್ತದೆ.

ಸಂಖ್ಯೆಯಲ್ಲೂ ಇದೇ ಬಲೆ ಇದೆ. ಸದಸ್ಯ ಸಂಖ್ಯೆಗಳನ್ನು ‘ಇಂಟಿಜರ್’ ಆಗಿ ಅರೇಲಿಸ್ಟಿನಲ್ಲಿಟ್ಟು ಎರಡು ಪಟ್ಟಿಗಳನ್ನು ‘==’ನಿಂದ ಹೋಲಿಸಿದರೆ 127ರವರೆಗೆ ಎಲ್ಲ ಸರಿಯಾಗಿರುತ್ತದೆ. 128ನೇ ಸದಸ್ಯರಿಂದ ಫಾಲ್ಸ್. -128ರಿಂದ 127ರವರೆಗಿನ ಇಂಟಿಜರ್ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡು ಮತ್ತೆ ಮತ್ತೆ ಕೊಡುತ್ತದೆ, ಅದಕ್ಕಿಂತ ಆಚೆಗೆ ಸಾಮಾನ್ಯವಾಗಿ ಹೊಸತು ಮಾಡುತ್ತದೆ. ಚಿಕ್ಕ ಊರಿನ ಡೇರಿಯಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆಯುವ ಪ್ರೋಗ್ರಾಂ ದೊಡ್ಡ ಊರಿಗೆ ಹೋದ ದಿನವೇ ಕೆಡುತ್ತದೆ.

ನಿಮ್ಮದೇ ಕ್ಲಾಸಿಗೆ ‘ಈಕ್ವಲ್ಸ್’ ಬರೆದೂ ‘ಕಂಟೇನ್ಸ್’ ಫಾಲ್ಸ್ ಕೊಟ್ಟರೆ ಅದರ ಪ್ಯಾರಾಮೀಟರ್ ನೋಡಿ. ‘ಈಕ್ವಲ್ಸ್(ಸದಸ್ಯ ಇನ್ನೊಬ್ಬ)’ ಎಂದಿದ್ದರೆ ಅದು ಬೇರೆಯೇ ಮೆಥಡ್. ಅರೇಲಿಸ್ಟ್ ಕರೆಯುವುದು ‘ಈಕ್ವಲ್ಸ್(ಆಬ್ಜೆಕ್ಟ್ ಇನ್ನೊಬ್ಬ)’ ಎಂಬುದನ್ನು. ಅರೇಲಿಸ್ಟಿನಲ್ಲಿ ಸಿಕ್ಕಿ ಹ್ಯಾಶ್‌ಸೆಟ್‌ನಲ್ಲಿ ಸಿಗದಿದ್ದರೆ ‘ಹ್ಯಾಶ್‌ಕೋಡ್’ ಬರೆದಿಲ್ಲ. ಈ ಎರಡೂ ಮೆಥಡ್‌ಗಳನ್ನು ಯಾವಾಗಲೂ ಜೋಡಿಯಾಗಿಯೇ ಬರೆಯಬೇಕು.

ಲಕ್ಷಣ: ಮರಿ ಕ್ಲಾಸಿನ ಮೆಥಡ್ ಬರೆದರೂ ತಾಯಿ ಕ್ಲಾಸಿನದೇ ಓಡುತ್ತಿದೆ

‘ಹಾಲು’ ಎಂಬ ಕ್ಲಾಸ್, ಅದರಿಂದ ‘ಹಸುಹಾಲು’, ‘ಎಮ್ಮೆಹಾಲು’. ಎಮ್ಮೆ ಹಾಲಿಗೆ ಫ್ಯಾಟ್ ಜಾಸ್ತಿ, ದರವೂ ಬೇರೆ. ‘ಹಾಲು ಹ = ನ್ಯೂ ಎಮ್ಮೆಹಾಲು();’ ಎಂದು ಮಾಡಿ ‘ಹ.ದರ(6.5)’ ಎಂದು ಫ್ಯಾಟ್ ಕೊಟ್ಟು ಕರೆದರೆ ಎಮ್ಮೆ ಹಾಲಿನ ದರವೇ ಬರಬೇಕು. ಪಾಲಿಮಾರ್ಫಿಸಂ ಎಂದರೆ ಇಷ್ಟೇ: ಹಗ್ಗ ಯಾವ ಹೆಸರಿನದಾದರೂ ಉತ್ತರ ಕೊಡುವುದು ಹಗ್ಗದ ತುದಿಯಲ್ಲಿರುವುದು.

ಬರದಿದ್ದರೆ ಮರಿ ಕ್ಲಾಸಿನ ಮೆಥಡ್ ಮೇಲೆ ‘@ಓವರ್‌ರೈಡ್’ ಎಂದು ಬರೆದು ಕಂಪೈಲ್ ಮಾಡಿ. ‘ಇದು ಯಾವುದನ್ನೂ ಓವರ್‌ರೈಡ್ ಮಾಡುತ್ತಿಲ್ಲ’ ಎಂಬ ಎರರ್ ಬಂದರೆ ಎರಡು ಮೆಥಡ್‌ಗಳು ಎಲ್ಲೋ ಹೊಂದುತ್ತಿಲ್ಲ. ಕಾಗುಣಿತ ತಪ್ಪಿರಬಹುದು. ತಾಯಿಯಲ್ಲಿ ‘ಡಬಲ್’, ಮರಿಯಲ್ಲಿ ‘ಫ್ಲೋಟ್’ ಇರಬಹುದು. ತಾಯಿಯ ಮೆಥಡ್ ಪ್ರೈವೇಟ್ ಇರಬಹುದು. ಎರಡೂ ಸ್ಟಾಟಿಕ್ ಆಗಿದ್ದರೂ ಓವರ್‌ರೈಡ್ ಆಗುವುದಿಲ್ಲ. ಈ ಗುರುತು ಜಾವಾಗೆ 2004ರಲ್ಲಿ, 5ನೇ ಆವೃತ್ತಿಯಲ್ಲಿ ಬಂತು. ಹಳೆಯ ನೋಟ್ಸ್‌ಗಳಲ್ಲಿ ಇರುವುದಿಲ್ಲ, ಆದರೂ ಪ್ರತಿ ಸಲ ಬರೆಯಿರಿ, ಖರ್ಚೇನಿಲ್ಲ.

ಮೆಥಡ್ ಸರಿಯಿದ್ದು ಫೀಲ್ಡ್ ಮಾತ್ರ ತಾಯಿಯದೇ ಬಂದರೆ, ಎರಡೂ ಕ್ಲಾಸಿನಲ್ಲಿ ಅದೇ ಹೆಸರಿನ ಫೀಲ್ಡ್ ಇದೆ. ಫೀಲ್ಡ್‌ಗಳಿಗೆ ಓವರ್‌ರೈಡ್ ಇಲ್ಲ. ಮರಿಯದನ್ನು ತೆಗೆದುಹಾಕಿ.

ಒಂದು ಕಷ್ಟದ ಪ್ರಕರಣ ಇದೆ. ಮರಿ ಕ್ಲಾಸಿನಲ್ಲಿ ‘ಡಬಲ್ ಹೆಚ್ಚುವರಿ = 7.5;’ ಎಂದು ಬರೆದಿದ್ದರೂ ಓವರ್‌ರೈಡ್ ಮಾಡಿದ ಮೆಥಡ್ ಒಳಗೆ ಅದು 0.0 ಎಂದು ಕಾಣುತ್ತದೆ. ತಾಯಿಯ ಕನ್‌ಸ್ಟ್ರಕ್ಟರ್ ಆ ಮೆಥಡನ್ನು ಕರೆಯುತ್ತಿದೆಯೇ ನೋಡಿ. ತಾಯಿಯ ಭಾಗ ಮೊದಲು ತಯಾರಾಗುತ್ತದೆ, ಮರಿಯ ಫೀಲ್ಡ್‌ಗಳಿಗೆ ಬೆಲೆ ಬರುವುದು ಆಮೇಲೆ. ಇನ್ನೂ ಹುಟ್ಟದ ಫೀಲ್ಡನ್ನು ಓದಿದಂತಾಯಿತು. ಕನ್‌ಸ್ಟ್ರಕ್ಟರಿನಿಂದ ಆ ಕರೆಯನ್ನು ತೆಗೆದು, ಆಬ್ಜೆಕ್ಟ್ ಆದ ಮೇಲೆ ಕರೆಯಿರಿ.

‘ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್’ ಬಂದರೆ ಹಸುಹಾಲನ್ನು ಎಮ್ಮೆಹಾಲು ಎಂದು ಬಲವಂತವಾಗಿ ಕರೆದಿದ್ದೀರಿ. ಕಾಸ್ಟ್ ತೆಗೆದು, ಅದರ ಕೆಲಸವನ್ನು ಓವರ್‌ರೈಡ್ ಮೆಥಡ್‌ನಿಂದ ಮಾಡಿಸಿ.

ಲಕ್ಷಣ: ‘ಸ್ಟಾಕ್ ಓವರ್‌ಫ್ಲೋ ಎರರ್’, ಪರದೆ ತುಂಬ ಒಂದೇ ಸಾಲು

ಜಾವಾ ಮಾಮೂಲಿಯಾಗಿ ಇಂಥ 1024 ಸಾಲುಗಳನ್ನು ತೋರಿಸುತ್ತದೆ. ಎಲ್ಲವನ್ನೂ ಓದುವ ಕೆಲಸವಿಲ್ಲ. ಮೇಲಕ್ಕೆ ಹೋಗಿ ಯಾವ ಸಾಲು ಅಥವಾ ಯಾವ ಜೋಡಿ ಸಾಲು ಮರುಕಳಿಸುತ್ತಿದೆ ನೋಡಿ. ಒಂದೇ ಸಾಲಾದರೆ ಮೆಥಡ್ ತನ್ನನ್ನೇ ಕರೆದುಕೊಳ್ಳುತ್ತಿದೆ, ಫೀಲ್ಡಿಗೆ ಬೆಲೆ ಕೊಡಬೇಕಾದ ಕಡೆ ಸೆಟ್ಟರನ್ನೇ ಮತ್ತೆ ಕರೆದಂತೆ. ಜೋಡಿಯಾದರೆ ಸಂಘದ ‘ಟುಸ್ಟ್ರಿಂಗ್’ ಸದಸ್ಯರನ್ನು ಪ್ರಿಂಟ್ ಮಾಡುತ್ತಿದೆ, ಸದಸ್ಯರ ‘ಟುಸ್ಟ್ರಿಂಗ್’ ಸಂಘವನ್ನು. ಮರುಕಳಿಸುವ ಸಾಲಿನಲ್ಲಿ ಕನ್‌ಸ್ಟ್ರಕ್ಟರ್ ಇದ್ದರೆ ‘ಸದಸ್ಯ’ ಕ್ಲಾಸಿನೊಳಗೇ ‘ಸದಸ್ಯ ಜಾಮೀನುದಾರ = ನ್ಯೂ ಸದಸ್ಯ();’ ಎಂಬ ಫೀಲ್ಡ್ ಇರಬೇಕು. ಒಬ್ಬ ಸದಸ್ಯ ಹುಟ್ಟಲು ಇನ್ನೊಬ್ಬ ಹುಟ್ಟಬೇಕು, ಅವನಿಗೆ ಮತ್ತೊಬ್ಬ.

ಸ್ಟಾಕ್ ಗಾತ್ರ ಹೆಚ್ಚಿಸುವ ಆಯ್ಕೆಯನ್ನು ಯಾರಾದರೂ ಹೇಳಿಕೊಟ್ಟರೆ ಬಳಸಬೇಡಿ. ಇಂಥ ದೋಷಕ್ಕೆ ಅದು ಸಾವನ್ನು ಒಂದು ಕ್ಷಣ ಮುಂದೂಡುತ್ತದೆ, ಅಷ್ಟೇ.

ಇದ್ಯಾವುದೂ ಹೊಂದದಿದ್ದರೆ, ಮತ್ತು ಯಾವಾಗ ನಿಲ್ಲಿಸಬೇಕು

ಕೋಡ್ ಮುಚ್ಚಿ ಕಾಗದ ತೆಗೆಯಿರಿ. ಪ್ರತಿ ಆಬ್ಜೆಕ್ಟಿಗೂ ಒಂದು ಚೌಕ, ಪ್ರತಿ ಹೆಸರಿನಿಂದ ಒಂದು ಬಾಣ. ಪ್ರೋಗ್ರಾಂ ಸಾಲು ಸಾಲಾಗಿ ಓದುತ್ತಾ ಚೌಕ, ಬಾಣಗಳನ್ನು ತಿದ್ದಿ. ಕಾಗದ ಬೇಸರವೆನಿಸಿದರೆ ಬ್ಲೂಜೆ ಎಂಬ ಉಚಿತ ಎಡಿಟರ್ ಇದೆ, ಕಲಿಯುವವರಿಗಾಗಿಯೇ ಮಾಡಿದ್ದು. ಅದರಲ್ಲಿ ಆಬ್ಜೆಕ್ಟ್‌ಗಳು ಕೆಂಪು ಪೆಟ್ಟಿಗೆಗಳಾಗಿ ಕಾಣುತ್ತವೆ, ಒತ್ತಿದರೆ ಫೀಲ್ಡ್‌ಗಳ ಬೆಲೆ ತೋರಿಸುತ್ತವೆ. ನಿಮ್ಮ ಚಿತ್ರವೂ ಅದು ತೋರಿಸುವುದೂ ಎಲ್ಲಿ ಬೇರೆಯಾಗುತ್ತವೋ ದೋಷ ಅಲ್ಲೇ ಇದೆ.

ಅದಾದ ಮೇಲೂ ಸಿಗದಿದ್ದರೆ, ಅಥವಾ ಯಾಕೆ ಎಂದು ಗೊತ್ತಿಲ್ಲದೆ ಸಾಲುಗಳನ್ನು ಅತ್ತಿತ್ತ ಮಾಡಲು ಶುರುಮಾಡಿದ್ದೀರಿ ಎನಿಸಿದ ಕೂಡಲೇ ನಿಲ್ಲಿಸಿ. ಒಂದು ದೋಷ ಸರಿಮಾಡಿದಾಗ ಇನ್ನೆರಡು ಹುಟ್ಟುತ್ತಿದ್ದರೂ ನಿಲ್ಲಿಸಿ. ಆಗ ತಪ್ಪು ಸಾಲಿನಲ್ಲಿ ಇರುವುದಿಲ್ಲ, ಕ್ಲಾಸ್‌ಗಳನ್ನು ಜೋಡಿಸಿದ ರೀತಿಯಲ್ಲಿರುತ್ತದೆ. ‘ಸಂಘ’ ಕ್ಲಾಸ್ ‘ಸದಸ್ಯ’ವನ್ನು ಎಕ್ಸ್‌ಟೆಂಡ್ ಮಾಡಿದ್ದರೆ ಯಾವ ತೇಪೆಯೂ ನಿಲ್ಲುವುದಿಲ್ಲ. ಸಂಘ ಒಬ್ಬ ಸದಸ್ಯನಲ್ಲ, ಸಂಘದಲ್ಲಿ ಸದಸ್ಯರಿದ್ದಾರೆ. ಅಲ್ಲಿ ಬೇಕಾದದ್ದು ಇನ್‌ಹೆರಿಟೆನ್ಸ್ ಅಲ್ಲ, ಸದಸ್ಯರ ಪಟ್ಟಿಯ ಒಂದು ಫೀಲ್ಡ್. ಇದನ್ನು ಲೆಕ್ಚರರ್ ಜೊತೆ ಕೂತು ಮಾತಾಡಿಯೇ ಸರಿಮಾಡಿಕೊಳ್ಳುವುದು ಒಳ್ಳೆಯದು.

ಕೇಳಲು ಹೋಗುವಾಗ ‘ಮೇಡಂ, ಪ್ರೋಗ್ರಾಂ ಓಡ್ತಿಲ್ಲ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ದೋಷ ಉಳಿಯುವಂತೆ ನೋಡಿಕೊಂಡು ಬೇರೆಲ್ಲವನ್ನೂ ಅಳಿಸುತ್ತಾ ಬನ್ನಿ, ಇಪ್ಪತ್ತು ಮೂವತ್ತು ಸಾಲಿಗೆ ಇಳಿಸಿ. ಎಷ್ಟೋ ಸಲ ಅಳಿಸುವಾಗಲೇ ದೋಷ ಕಣ್ಣಿಗೆ ಬೀಳುತ್ತದೆ. ಬೀಳದಿದ್ದರೆ ಆ ತುಣುಕು, ಪೂರ್ತಿ ಎರರ್ ಸಂದೇಶ, ಬರಬೇಕಿದ್ದ ಔಟ್‌ಪುಟ್, ಬಂದ ಔಟ್‌ಪುಟ್, ಜಾವಾ ಆವೃತ್ತಿ ಇಷ್ಟನ್ನು ತೆಗೆದುಕೊಂಡು ಹೋಗಿ. ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದು ಕಳಿಸಬೇಡಿ, ಅದರಿಂದ ಯಾರೂ ಕೋಡ್ ಕಾಪಿ ಮಾಡಿ ಓಡಿಸಿ ನೋಡಲಾಗುವುದಿಲ್ಲ. ಕಳಿಸುವ ತುಣುಕಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಉಳಿದಿದೆಯೇ ಎಂದು ಒಮ್ಮೆ ನೋಡಿ, ಇದ್ದರೆ ಮೊದಲು ಅಳಿಸಿ.